ಮಗನ ಜೇಬಿನ ಬೆಂಕಿಪೊಟ್ಟಣ

ಹದಿನಾರು ಪ್ರಾಯದ ಮಗನ ಅಂಗಿಯಲ್ಲಿ ಹೊಗೆಯ ವಾಸನೆ ಬಂದರೆ ಅದನ್ನು ಮೊದಲು ಗುರುತಿಸುವವಳು ಹೆಚ್ಚಾಗಿ ತಾಯಿ. ಬಟ್ಟೆ ಒಗೆಯುವವಳು ಅವಳೇ ಆದ್ದರಿಂದ ಜೇಬಿನಲ್ಲಿ ಉಳಿದ ಬೆಂಕಿಪೊಟ್ಟಣವೂ ಪೆಪ್ಪರ್‌ಮಿಂಟಿನ ಕಾಗದವೂ ಅವಳ ಕೈಗೇ ಸಿಗುತ್ತವೆ. ಆಮೇಲೆ ನಡೆಯುವುದು ನಮ್ಮ ಅನೇಕ ಮನೆಗಳಲ್ಲಿ ಒಂದೇ ರೀತಿ. ಆಕೆ ಎರಡು ದಿನ ಬಾಯಿ ಬಿಡುವುದಿಲ್ಲ. ಗಂಡನಿಗೆ ಹೇಳಿದರೆ ಮನೆ ರಣರಂಗವಾದೀತು, ಹೇಳದಿದ್ದರೆ ತಾನೂ ಪಾಲುದಾರಳಾದೇನು ಎಂಬ ಸಂಕಟ. ಕೊನೆಗೆ ಹೇಗೋ ತಂದೆಗೆ ತಿಳಿಯುತ್ತದೆ. ಒಂದು ಏಟು, ಹತ್ತು ಬೈಗುಳ, ಅಜ್ಜನ ಹೆಸರು, ಮನೆತನದ ಮಾನ, ಊರವರ ಬಾಯಿ ಎಲ್ಲವೂ ಒಟ್ಟಿಗೇ ಬರುತ್ತವೆ. ಮಗ ತಲೆ ತಗ್ಗಿಸಿ ನಿಲ್ಲುತ್ತಾನೆ. ಮರುದಿನದಿಂದ ಅವನ ಅಂಗಿಯಲ್ಲಿ ವಾಸನೆ ಇರುವುದಿಲ್ಲ. ಅವನು ಬಿಟ್ಟನೆಂದು ನಾವು ತಿಳಿಯುತ್ತೇವೆ. ಬಹಳ ಸಲ ಅವನು ಕಲಿತಿರುವುದು ಮನೆಗೆ ಬರುವ ಮೊದಲು ಅಂಗಿ ಬದಲಿಸುವುದನ್ನು ಮಾತ್ರ.

ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಆ ಹೊತ್ತಿನ ನಮ್ಮ ಸಿಟ್ಟು ಯಾರಿಗಾಗಿ? ಮಗನ ಆರೋಗ್ಯಕ್ಕಾಗಿಯೋ, ನಮ್ಮ ಮರ್ಯಾದೆಗಾಗಿಯೋ? ಸಿಕ್ಕಿಬಿದ್ದ ಮಗನಿಗೆ ನಾವು ಹಾಕುವ ಮೊದಲ ಪ್ರಶ್ನೆಯನ್ನು ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ. "ಯಾರಾದರೂ ನೋಡಿದರಾ?" ಎಂದು ಕೇಳುವವರೇ ನಮ್ಮಲ್ಲಿ ಹೆಚ್ಚು. ಎಷ್ಟು ದಿನದಿಂದ, ದಿನಕ್ಕೆ ಎಷ್ಟು, ಸೇದದಿದ್ದರೆ ಏನನ್ನಿಸುತ್ತದೆ ಎಂಬ ಪ್ರಶ್ನೆಗಳಿಗೆ ಸರದಿಯೇ ಬರುವುದಿಲ್ಲ. ಮಗನಿಗೆ ಕಾಮಾಲೆಯಾದರೆ ಯಾರು ನೋಡಿದರೆಂದು ನಾವು ಕೇಳುವುದಿಲ್ಲ. ಹುಡುಗರು ಈ ವ್ಯತ್ಯಾಸವನ್ನು ಬಹಳ ಬೇಗ ಗ್ರಹಿಸುತ್ತಾರೆ. ತಮ್ಮ ತಪ್ಪು ಸೇದಿದ್ದರಲ್ಲಿಲ್ಲ, ಕಾಣಿಸಿಕೊಂಡದ್ದರಲ್ಲಿದೆ ಎಂದು ಅರ್ಥಮಾಡಿಕೊಳ್ಳುತ್ತಾರೆ.

ಭಯದಿಂದ ಹೊಗೆ ನಿಲ್ಲುತ್ತದೆಯೇ ಎಂಬುದನ್ನು ಚರಿತ್ರೆ ಪರೀಕ್ಷಿಸಿ ನೋಡಿದೆ. ಅಮೆರಿಕ ಖಂಡದಿಂದ ಹೊರಟ ತಂಬಾಕು ಹದಿನೇಳನೆಯ ಶತಮಾನದ ಆರಂಭಕ್ಕಾಗಲೇ ನಮ್ಮ ಬಿಜಾಪುರದಲ್ಲಿತ್ತು. ಅಕ್ಬರನ ರಾಯಭಾರಿಯಾಗಿ ಅಲ್ಲಿಗೆ ಬಂದಿದ್ದ ಅಸದ್ ಬೇಗ್ ಅದನ್ನು ಆಗ್ರಾಕ್ಕೆ ಕೊಂಡೊಯ್ದ. ಆಸ್ಥಾನದ ಹಕೀಮರ ಆಕ್ಷೇಪವಿದ್ದರೂ ಬಾದಶಹ ಒಂದೆರಡು ದಮ್ಮು ಎಳೆದು ನೋಡಿದನೆಂದು ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಅಕ್ಬರ್ ಅದನ್ನು ಅಭ್ಯಾಸ ಮಾಡಿಕೊಳ್ಳಲಿಲ್ಲ, ಆದರೆ ಅಮೀರರಿಗೆ ಅದು ಹಿಡಿಸಿತು. 1617ರಲ್ಲಿ ಜಹಾಂಗೀರ್ ನಿಷೇಧ ಹೊರಡಿಸಿದ. ಹೊಗೆ ನಿಲ್ಲಲಿಲ್ಲ. ಅತ್ತ ಇಸ್ತಾಂಬುಲಿನಲ್ಲಿ ಸುಲ್ತಾನ ನಾಲ್ಕನೆಯ ಮುರಾದ್ 1633ರಲ್ಲಿ ತಂಬಾಕು ಸೇದುವವರಿಗೆ ಮರಣದಂಡನೆಯನ್ನೇ ವಿಧಿಸಿದ. ಆ ಕಾಲದಲ್ಲಿ ಬದುಕಿದ್ದ ವಿದ್ವಾಂಸ ಕಾತಿಬ್ ಚೆಲೆಬಿ, ಸೈನಿಕರು ಪುಟ್ಟ ಚಿಲುಮೆಗಳನ್ನು ತೋಳಿನೊಳಗೆ ಬಚ್ಚಿಟ್ಟುಕೊಂಡು ಸೇದುತ್ತಿದ್ದರೆಂದೂ ಶಿಕ್ಷೆ ಕಠಿಣವಾದಷ್ಟೂ ಸೇದುವವರ ಆಸೆ ಹೆಚ್ಚಿತೆಂದೂ ಬರೆದಿದ್ದಾನೆ. ತಲೆ ಹೋಗುವ ಭಯವೇ ಮಾಡಲಾಗದ್ದನ್ನು ನಮ್ಮ ಬೆತ್ತ ಮಾಡೀತೆಂದು ನಂಬುವುದು ಹೇಗೆ?

ಹಾಗಾದರೆ ಸುಮ್ಮನಿರಬೇಕೇ? "ನಾವೂ ಆ ಪ್ರಾಯದಲ್ಲಿ ಹೀಗೇ ಇದ್ದೆವು, ತಾನಾಗಿ ಸರಿಹೋಗುತ್ತದೆ" ಎನ್ನುವ ಹಿರಿಯರೂ ನಮ್ಮಲ್ಲಿದ್ದಾರೆ. ಈ ಮಾತು ಕೇಳಲು ಉದಾರವಾಗಿದೆ, ಆದರೆ ನಿಕೋಟಿನ್ ಅಷ್ಟು ಉದಾರಿಯಲ್ಲ. ಎಳೆದ ಹೊಗೆಯಿಂದ ಅದು ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಮನುಷ್ಯನ ಮೆದುಳು ಸುಮಾರು ಇಪ್ಪತ್ತೈದನೆಯ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ. ಹಾಗೆ ಬೆಳೆಯುತ್ತಿರುವ ಮೆದುಳಿಗೆ ಚಟ ಬೇಗ ಅಂಟುತ್ತದೆ, ನಿಧಾನವಾಗಿ ಬಿಡುತ್ತದೆ. ಮೊದಲ ಸಿಗರೇಟು ಕುತೂಹಲದ್ದಿರಬಹುದು, ಗೆಳೆಯನ ಮಾತು ಮೀರಲಾಗದ ದಾಕ್ಷಿಣ್ಯದ್ದಿರಬಹುದು. ಐವತ್ತನೆಯದು ಮಾತ್ರ ದೇಹ ತಾನಾಗಿ ಬೇಡಿದ್ದು. ಆಮೇಲೆ ಅದನ್ನು ನಡತೆಯ ದೋಷವೆಂದಷ್ಟೇ ಕಂಡರೆ ಸಾಲದು. ಬಿಟ್ಟ ಮೊದಲ ದಿನಗಳಲ್ಲಿ ಸಿಡುಕು, ನಿದ್ದೆಗೇಡು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಎಲ್ಲವೂ ಸಹಜ. ಮೊದಲ ವಾರ ಕಷ್ಟ, ಮೂರು ನಾಲ್ಕು ವಾರಗಳಲ್ಲಿ ಬಹುಪಾಲು ತಗ್ಗುತ್ತದೆ. ಇದು ತಿಳಿಯದ ನಾವು, ಮಾತು ಕೊಟ್ಟು ನಾಲ್ಕನೆಯ ದಿನ ಮತ್ತೆ ಸೇದಿದವನನ್ನು ಸುಳ್ಳುಗಾರ ಎಂದುಬಿಡುತ್ತೇವೆ. ಮಾತು ಕೊಡುವಾಗ ಅವನು ಸುಳ್ಳು ಹೇಳಿರಲಿಕ್ಕಿಲ್ಲ.

ಮುಂದಿನ ಪ್ರಶ್ನೆ ಇನ್ನೂ ಕಠಿಣವಾದುದು. ಸಂಶಯ ಬಂದಾಗ ಮಗನ ಬ್ಯಾಗು, ಮೊಬೈಲು ಶೋಧಿಸುವ ಹಕ್ಕು ನಮಗಿದೆಯೇ? ಎರಡನೆಯ ಖಲೀಫ ಉಮರ್ ಅವರ ಕುರಿತು ನಮ್ಮ ಹಿರಿಯರು ಹೇಳುತ್ತಾ ಬಂದ ಕಥೆಯೊಂದಿದೆ. ರಾತ್ರಿ ಮದೀನದ ಬೀದಿಯಲ್ಲಿ ತಿರುಗುತ್ತಿದ್ದ ಅವರಿಗೆ ಒಂದು ಮನೆಯಿಂದ ಸದ್ದು ಕೇಳಿಸಿತು. ಗೋಡೆ ಹತ್ತಿ ಒಳಗಿಳಿದರೆ ಒಬ್ಬ ಮದ್ಯವಿಟ್ಟುಕೊಂಡು ಕುಳಿತಿದ್ದ. ಖಲೀಫರು ಗದರಿದಾಗ ಆತ, ನಾನು ಮಾಡಿದ್ದು ಒಂದು ತಪ್ಪಾದರೆ ನೀವು ಮಾಡಿದ್ದು ಮೂರು, ಗೂಢಚರ್ಯೆ ಮಾಡಿದಿರಿ, ಬಾಗಿಲು ಬಿಟ್ಟು ಗೋಡೆಯಿಂದ ಬಂದಿರಿ, ಅನುಮತಿಯನ್ನೂ ಕೇಳಲಿಲ್ಲ ಎಂದನಂತೆ. ಖಲೀಫರು ಅವನ ಮಾತನ್ನು ಒಪ್ಪಿಕೊಂಡರು.

ತಂದೆ ಖಲೀಫನಲ್ಲ, ಮಗ ಸ್ವತಂತ್ರ ಪ್ರಜೆಯೂ ಅಲ್ಲ ಎಂದು ವಾದಿಸಬಹುದು. ಹೌದು, ಹದಿನಾರರ ಹುಡುಗನ ಹೊಣೆ ನಮ್ಮದು, ಅವನ ವಿಷಯ ತಿಳಿಯುವ ಹಕ್ಕೂ ನಮ್ಮದು. ಆದರೆ ಹಕ್ಕಿದೆಯೆಂದ ಮಾತ್ರಕ್ಕೆ ಗೋಡೆ ಹಾರಬೇಕೆಂದಿಲ್ಲ. ಅವನು ಮಲಗಿದಾಗ ಮೊಬೈಲು ತೆರೆಯುವುದು, ತಂಗಿಯನ್ನು ಬೇಹುಗಾರಳನ್ನಾಗಿ ಮಾಡುವುದು, ಅಂಗಡಿಯವನಿಂದ ವರದಿ ತರಿಸುವುದು ಇವೆಲ್ಲ ಗೋಡೆಯ ದಾರಿಗಳು. "ನಿನ್ನ ಬಟ್ಟೆಯಲ್ಲಿ ವಾಸನೆ ಬಂತು, ನನಗೆ ಚಿಂತೆಯಾಗಿದೆ, ಮಾತಾಡೋಣ" ಎನ್ನುವುದು ಬಾಗಿಲಿನ ದಾರಿ. ಗಾಂಜಾ ಅಥವಾ ಅದಕ್ಕಿಂತ ಕೆಟ್ಟದ್ದರ ಬಲವಾದ ಸಂಶಯವಿದ್ದು ಶೋಧಿಸಲೇಬೇಕಾಗಿ ಬಂದರೆ, ಅವನೆದುರೇ, ಅವನಿಗೆ ಹೇಳಿಯೇ ಶೋಧಿಸಬೇಕು. ಅದರಿಂದ ಅವನಿಗೆ ಅವಮಾನವಾಗಬಹುದು, ಆದರೆ ಮೋಸವಾಗುವುದಿಲ್ಲ.

ಇನ್ನು ಸ್ವತಃ ಸೇದುವ ತಂದೆಯ ಮಾತು. ಬೆರಳ ನಡುವೆ ಬೀಡಿ ಹಿಡಿದವನಿಗೆ ಮಗನಿಗೆ ಬುದ್ಧಿ ಹೇಳುವ ನೈತಿಕ ಹಕ್ಕಿದೆಯೇ? ತರ್ಕದ ಪ್ರಕಾರ ಹೇಳುವವನು ಸೇದುತ್ತಾನೆಂಬ ಕಾರಣಕ್ಕೆ ಹೇಳಿದ ಮಾತು ಸುಳ್ಳಾಗುವುದಿಲ್ಲ. ಆದರೆ ಮಕ್ಕಳು ಮಾತಿನ ಜೊತೆಗೆ ಮಾತಾಡುವವನನ್ನೂ ನೋಡುತ್ತಾರೆ. ಅಂಥ ತಂದೆಗೆ ಉಪದೇಶದ ದಾರಿ ಮುಚ್ಚಿದ್ದರೂ ಸಾಕ್ಷಿಯ ದಾರಿ ತೆರೆದಿದೆ. ನಿನ್ನ ಪ್ರಾಯದಲ್ಲಿ ಹಿಡಿದದ್ದು, ಎಷ್ಟೋ ಸಲ ಬಿಡಲು ನೋಡಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಅವನು ಹೇಳಿದರೆ ಅದಕ್ಕಿರುವ ತೂಕ ಯಾವ ವೈದ್ಯನ ಮಾತಿಗೂ ಇರದು. ನಾವಿಬ್ಬರೂ ಒಂದೇ ದಿನ ಬಿಡೋಣ ಎಂದರೆ ಇನ್ನೂ ಒಳ್ಳೆಯದು.

ದಕ್ಷಿಣ ಕನ್ನಡದ ಮನೆಗಳಲ್ಲಿ ಈ ತೊಡಕಿಗೆ ಇನ್ನೊಂದು ಗಂಟಿದೆ. ದಶಕಗಳ ಕಾಲ ಅಲ್ಲಿನ ಸಾವಿರಾರು ಹೆಂಗಸರು, ಬ್ಯಾರಿ ಸಮುದಾಯದವರೂ ಇತರರೂ, ಮಡಿಲಲ್ಲಿ ಮೊರವಿಟ್ಟು ಬೀಡಿ ಕಟ್ಟಿ ಮಕ್ಕಳ ಶಾಲೆಯ ಫೀಸು ಕಟ್ಟಿದ್ದಾರೆ. ಆ ತಾಯಿ ಮಗನಿಗೆ ಹೊಗೆ ಕೆಟ್ಟದ್ದೆಂದು ಯಾವ ಬಾಯಿಂದ ಹೇಳಬೇಕು ಎಂದು ಕೇಳುವವರಿದ್ದಾರೆ. ಅವಳೇ ಹೇಳಬೇಕು. ತಂಬಾಕಿನ ಧೂಳಿನಲ್ಲಿ ಕೆಮ್ಮುತ್ತಾ ಬದುಕಿದವಳಿಗೆ ಅದರ ಬೆಲೆ ಗೊತ್ತಿದೆ. ಬೇರೆ ಕೆಲಸ ಸಿಗದ ಅವಳ ಅಸಹಾಯಕತೆಯನ್ನೂ, ಜೇಬಿನ ಹಣ ಕೊಟ್ಟು ಹೊಗೆ ಕೊಳ್ಳುವ ಮಗನ ಆಯ್ಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಮಗಳ ವಿಷಯವನ್ನೂ ಮರೆಯುವಂತಿಲ್ಲ. 2019ರಲ್ಲಿ ದೇಶದಾದ್ಯಂತ ನಡೆದ ಸಮೀಕ್ಷೆಯಂತೆ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಶೇ. 8.5ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಅವರಲ್ಲಿ ಹುಡುಗಿಯರೂ ಇದ್ದರು. ಮಗ ಸೇದಿದರೆ ಏಟು, ಮಗಳು ಸೇದಿದರೆ ಓದೇ ಬಂದ್, ಅವಸರದ ಮದುವೆ. ಇಬ್ಬರ ಶ್ವಾಸಕೋಶವೂ ಒಂದೇ ಬಗೆಯದು. ಶಿಕ್ಷೆಯಲ್ಲಿ ಇಷ್ಟು ಅಂತರವಿದ್ದರೆ ನಮ್ಮ ಚಿಂತೆ ಆರೋಗ್ಯದ್ದಲ್ಲವೆಂದು ನಾವೇ ಒಪ್ಪಿಕೊಂಡಂತೆ.

ಮನೆಯ ಹೊರಗೆ ಇನ್ನೊಬ್ಬ ಹೊಣೆಗಾರನಿದ್ದಾನೆ. ಹದಿನೆಂಟರ ಒಳಗಿನವರಿಗೆ ಸಿಗರೇಟು ಮಾರುವುದನ್ನು 2003ರ ಕೇಂದ್ರ ಕಾಯ್ದೆಯೇ ನಿಷೇಧಿಸಿತು. ಕರ್ನಾಟಕದ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ದೊರೆತು ಇಲ್ಲಿ ಆ ವಯಸ್ಸು 21 ಆಯಿತು. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಮಕ್ಕಳಿಗೆ ತಂಬಾಕು ಕೊಡುವವರಿಗೆ ಏಳು ವರ್ಷದವರೆಗೂ ಜೈಲಾಗಬಹುದು. ವಾಸನೆಯಿಂದ ಗುರುತಿಸಲಾಗದ ಇ-ಸಿಗರೇಟಿನ ಮಾರಾಟವೂ 2019ರಿಂದ ನಿಷಿದ್ಧ. ಆದರೂ ಮಗನ ಕೆನ್ನೆಗೆ ಬಾರಿಸುವ ನಾವು, ಶಾಲೆಯ ತಿರುವಿನ ಅಂಗಡಿಗೆ ಹೋಗಿ, ನಮ್ಮ ಮಕ್ಕಳಿಗೆ ಇದನ್ನು ಕೊಡಬೇಡಿ ಎಂದು ಹೇಳಲು ಸಂಕೋಚಪಡುತ್ತೇವೆ. ದುರ್ಬಲನ ಮೇಲೆ ತೋರಿಸಿದ ಕೋಪವನ್ನು ಕರ್ತವ್ಯವೆಂದು ಕರೆಯುವುದು ಸುಲಭ.

ಮನೆಯೊಳಗೆ ಮಾಡಬೇಕಾದದ್ದು ಹೆಚ್ಚೇನಿಲ್ಲ. ಸಿಟ್ಟು ಇಳಿಯುವವರೆಗೆ ಮಾತು ಬೇಡ. ತಂದೆತಾಯಿ ಮೊದಲು ತಮ್ಮೊಳಗೆ ಮಾತಾಡಿ ಒಂದು ನಿಲುವಿಗೆ ಬರಲಿ. ಆಮೇಲೆ ಕೇಳಬೇಕು, ಕೇಳಿ ಅವನಿಗೆ ಹೇಳಲು ಬಿಡಬೇಕು. ಈ ಮನೆಯಲ್ಲಿ, ತಮ್ಮ ತಂಗಿಯರ ಎದುರು ಹೊಗೆ ಇಲ್ಲ ಎಂಬ ಮಾತು ದೃಢವಾಗಿರಲಿ, ಪ್ರೀತಿಯ ಹೆಸರಿನಲ್ಲಿ ಅದನ್ನು ಸಡಿಲಿಸುವುದು ಬೇಡ. ಕ್ಯಾನ್ಸರಿನ ಚಿತ್ರಗಳಿಂದ ಹೆದರಿಸುವ ಬದಲು ಒಳ್ಳೆಯ ಸುದ್ದಿಯನ್ನು ಹೇಳಬಹುದು. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಗಮನಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದಂತೆ, ಬಿಡದೆ ಸೇದುವವರು ಸರಾಸರಿ ಹತ್ತು ವರ್ಷ ಆಯುಷ್ಯ ಕಳೆದುಕೊಳ್ಳುತ್ತಾರೆ, ಮೂವತ್ತರೊಳಗೆ ಬಿಟ್ಟವರು ಆ ಹತ್ತನ್ನೂ ಬಹುಮಟ್ಟಿಗೆ ಉಳಿಸಿಕೊಳ್ಳುತ್ತಾರೆ. ಹದಿನಾರರವನಿಗೆ ಇದಕ್ಕಿಂತ ಭರವಸೆಯ ಮಾತು ಯಾವುದಿದೆ? ತಾನಾಗಿ ಬಿಡಲಾಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ನೆರವಿದೆ, 1800-11-2356 ಎಂಬ ಶುಲ್ಕರಹಿತ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಒಂದು ತಿಂಗಳ ನಂತರ ಅವನು ಬಂದು "ನಿನ್ನೆ ಮತ್ತೊಂದು ಸೇದಿದೆ" ಎಂದರೆ ಅದನ್ನು ಸೋಲೆಂದು ತಿಳಿಯಬೇಕಾಗಿಲ್ಲ. ಹಾಗೆ ಹೇಳಲು ಅವನು ನಮ್ಮ ಬಳಿಗೇ ಬಂದಿದ್ದಾನೆ. ಎಲ್ಲಿ, ಯಾರ ಜೊತೆ, ಮನಸ್ಸಿಗೆ ಏನಾಗಿತ್ತು ಎಂದು ಕೇಳಿ, ಮರುದಿನದಿಂದ ಮತ್ತೆ ದಿನ ಎಣಿಸಲು ಅವನ ಜೊತೆ ಕೂರಬೇಕು.