ನಮ್ಮ ನಡತೆ ನಮ್ಮದೆ?

ದೆಹಲಿಯ ಬಸ್ಸಿಗೆ ಮೊಣಕೈಯಿಂದ ದಾರಿ ಮಾಡಿಕೊಂಡು ಹತ್ತುವ ಜನವೇ ಮೆಟ್ರೋ ನಿಲ್ದಾಣಕ್ಕೆ ಕಾಲಿಟ್ಟೊಡನೆ ತುಸು ಮೃದುವಾಗುವುದನ್ನು ನಾವೆಲ್ಲ ಕಂಡಿದ್ದೇವೆ. 2002ರ ಡಿಸೆಂಬರಿನಲ್ಲಿ ಶಹದರಾ–ತೀಸ್ ಹಜಾರಿ ನಡುವೆ ಮೊದಲ ಗಾಡಿ ಓಡಿತು. ಅಂದಿನಿಂದ ಮನುಷ್ಯರೇ ಬದಲಾದರೆಂದು ಹೇಳಲಾದೀತೆ? ಬದಲಾದದ್ದು ಆವರಣ. ಎಲ್ಲಿ ನಿಲ್ಲಬೇಕೆಂಬುದನ್ನು ಹಳದಿ ಪಟ್ಟಿ ತೋರಿಸುತ್ತದೆ. ಕಾರ್ಡನ್ನೋ ಟಿಕೆಟನ್ನೋ ತೋರದೆ ಗೇಟು ತೆರೆಯದು. ಚೊಕ್ಕಟವಾದ ನೆಲದ ಮೇಲೆ ಉಗುಳಲು ಮನಸ್ಸು ಹಿಂಜರಿಯುತ್ತದೆ. ರಾಜೀವ್ ಚೌಕದ ಸಂಜೆಯ ನೂಕುನುಗ್ಗಲನ್ನು ಬಲ್ಲವರು ನಕ್ಕಾರು. ಆದರೂ ವ್ಯತ್ಯಾಸವುಂಟೆಂದು ಅವರೂ ಒಪ್ಪುತ್ತಾರೆ.

ಹಾಗಾದರೆ ಆ ಸೌಜನ್ಯ ನಮ್ಮದೋ, ನಿಲ್ದಾಣವನ್ನು ರೂಪಿಸಿದವರದೋ? ಆವರಣದ ಪ್ರಭಾವಕ್ಕೆ ಒಳಗಾಗುವುದು ಅವಮಾನವೇನಲ್ಲ. ನಮ್ಮ ದೇಗುಲಗಳನ್ನು ಕಟ್ಟಿದವರು ಬೆಳಕಿನ ಅಂಗಳದಿಂದ ಕತ್ತಲ ಗರ್ಭಗುಡಿಯ ದೀಪದೆಡೆಗೆ ಭಕ್ತನನ್ನು ಕರೆದೊಯ್ಯುವಾಗ ಅವನ ಮನಸ್ಸನ್ನೂ ನಡೆಸುತ್ತಿದ್ದರು. ಆದ್ದರಿಂದ, ನಡೆಸಬಹುದೆ ಎಂಬುದಕ್ಕಿಂತ, ಯಾರ ಹಿತಕ್ಕಾಗಿ, ಎಷ್ಟು ಬಹಿರಂಗವಾಗಿ ನಡೆಸುತ್ತಾರೆ ಎಂಬುದೇ ಮುಖ್ಯವಾದ ಪ್ರಶ್ನೆ.

ಏಕೆಂದರೆ ಇದೇ ವಿದ್ಯೆ ಈಗ ನಮ್ಮ ಜೇಬಿನ ಫೋನಿಗೂ ಬಂದಿದೆ. ಪುಸ್ತಕಕ್ಕೆ ಕೊನೆಯ ಪುಟವುಂಟು. ಫೋನಿನ ಪರದೆ ಬೆರಳು ಸರಿಸಿದಷ್ಟೂ ಬಡಿಸುತ್ತಲೇ ಇರುತ್ತದೆ. ನಿಲ್ದಾಣ ಎಲ್ಲರಿಗೂ ಒಂದೇ. ಫೋನಾದರೋ ನಾವು ಎಲ್ಲಿ ತಡೆದು ನೋಡಿದೆವೆಂಬುದನ್ನು ನೆನಪಿಟ್ಟು ಒಬ್ಬೊಬ್ಬರಿಗೂ ಬೇರೆ ಬೇರೆ ಆಸೆ ತೋರಿಸುತ್ತದೆ. ಕೆಲವು ವ್ಯಾಪಾರಿ ಆ್ಯಪುಗಳು 'ಇನ್ನೆರಡೇ ಉಳಿದಿವೆ' ಎಂದು ಸುಳ್ಳೇ ಅವಸರಪಡಿಸುತ್ತವೆ, ಬೇಡವೆಂದವರನ್ನು ನಾಚಿಸುತ್ತವೆ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುತ್ತವೆ. 'ಡಾರ್ಕ್ ಪ್ಯಾಟರ್ನ್' ಎನ್ನಿಸಿಕೊಳ್ಳುವ ಇಂಥ 13 ಬಗೆಯ ಕಪಟಗಳನ್ನು ಹೆಸರಿಸಿ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಅವನ್ನು ನಿಷೇಧಿಸುವ ಮಾರ್ಗಸೂಚಿ ಹೊರಡಿಸಿತು.

ಕಾನೂನು ಎಲ್ಲವನ್ನೂ ಹಿಡಿಯಲಾರದು. ನಮ್ಮ ಕೈಯಲ್ಲೂ ಒಂದು ಒರೆಗಲ್ಲು ಇರಬೇಕು: ಹೂಡಿದ ಯುಕ್ತಿಯನ್ನು ನಮಗೆ ಬಿಡಿಸಿ ಹೇಳಿದರೂ ನಾವು ಒಪ್ಪುತ್ತೇವೆಯೆ? ಹಳದಿ ಪಟ್ಟಿಯ ಉದ್ದೇಶ ತಿಳಿದ ಮೇಲೂ ನಾವು ಅದರ ಹಿಂದೆಯೇ ನಿಲ್ಲುತ್ತೇವೆ. 'ಇನ್ನೆರಡೇ' ಎಂಬುದು ಸುಳ್ಳೆಂದು ತಿಳಿದರೆ ಸಿಟ್ಟಾಗುತ್ತೇವೆ. ಮೊದಲನೆಯದು ಮಾರ್ಗದರ್ಶನ, ಎರಡನೆಯದು ಮೋಸ.

ಪರಊರಿನಲ್ಲಿ ಮನೆಮಾಡಿದ ನಾವೂ ಈ ವಿದ್ಯೆಯನ್ನು ಬಳಸುವವರೇ. ಊಟದ ಹೊತ್ತಿಗೆ ಕನ್ನಡವೇ ಆಡಬೇಕೆಂಬ ಕಟ್ಟಳೆ, ಗೋಡೆಯ ಕನ್ನಡ ಕ್ಯಾಲೆಂಡರು, ರಾಜ್ಯೋತ್ಸವದ ಸಂಭ್ರಮ, ಇವೆಲ್ಲ ಮಕ್ಕಳ ಮನಸ್ಸನ್ನು ಒಲಿಸುವ ಏರ್ಪಾಡುಗಳು. ಅದೇ ಒರೆಗಲ್ಲಿಗೆ ಇವನ್ನೂ ಉಜ್ಜಿ ನೋಡಬೇಕು. ಮಗು 'ಏಕೆ?' ಎಂದಾಗ ಗದರದೆ ಕಾರಣ ಹೇಳೋಣ. ಹಿಂದಿಯಲ್ಲಿ ಉತ್ತರಿಸಿತೆಂದು ನಾಲ್ವರೆದುರು ನಾಚಿಸದಿರೋಣ; ನಾಚಿಕೆಗೆ ಅಂಜಿ ಆಡಿದ ನುಡಿ ಹಿರಿಯರ ಕಣ್ಣು ಮರೆಯಾದೊಡನೆ ನಿಂತುಹೋಗುತ್ತದೆ.

ಆವರಣ ನಮಗೆ ನಡತೆಯನ್ನು ಕಲಿಸಬಲ್ಲುದು, ಅಷ್ಟೆ. ಮೆಟ್ರೋದ ಸೌಜನ್ಯ ಬಸ್ಸಿನಲ್ಲೂ, ಊಟದ ಮನೆಯ ಕನ್ನಡ ಗೆಳೆಯರ ನಡುವೆಯೂ ಯಾರೂ ಹೇಳದೆ ಉಳಿದಾಗಲೇ ಅದನ್ನು ನಮ್ಮದೆನ್ನಬಹುದು.