ಅಶ್ವತ್ಥ: ಒಂದು ಹೆಸರು, ಹಲವು ನಿರ್ವಚನ

ಅರಳಿ ಮರಕ್ಕೆ ವೇದಕಾಲದಿಂದ ನಡೆದುಬಂದ ಹೆಸರು ಅಶ್ವತ್ಥ. ದೊಡ್ಡ ಮರವನ್ನೂ ‘ಗಿಡ’ ಎಂದೇ ಕರೆಯುವ ಸೇಡಂ, ಕುರಕುಂಟಾ ಸೀಮೆಯಲ್ಲಿ ಅದು ಅರಳಿ ಗಿಡ. ಗಡಿ ದಾಟಿ ತಾಂಡೂರಿನತ್ತ ಹೋದರೆ ತೆಲುಗಿನ ರಾವಿ ಚೆಟ್ಟು. ಪಿಪ್ಪಲ ಎಂಬುದು ಮೊದಲು ಹಣ್ಣಿಗಿದ್ದ ಹೆಸರು, ಆಮೇಲೆ ಮರಕ್ಕೂ ಬಂತು. ಹಿಂದಿಯ ಪೀಪಲ್, ಮರಾಠಿಯ ಪಿಂಪಳ ಅದರಿಂದ ಹುಟ್ಟಿದವು. ತತ್ತ್ವಜ್ಞಾನಿಗಳು ಕೆದಕಿ ನೋಡಿದ್ದು ಮಾತ್ರ ಅಶ್ವತ್ಥವನ್ನೇ.

ಹಳೆಯ ವಿವರಣೆ ಕುದುರೆಯದು. ‘ಅಶ್ವ’ದ ಜೊತೆಗೆ ನಿಲ್ಲು ಎಂಬರ್ಥದ ‘ಸ್ಥಾ’ ಧಾತು ಸೇರಿದರೆ ಕುದುರೆ ನಿಲ್ಲುವ ತಾಣ ಎಂದಾಗುತ್ತದೆ. ಪ್ರಾಕೃತದ ಬಾಯಲ್ಲಿ ‘ಸ್ಥ’ ಸವೆದು ‘ತ್ಥ’ ಆಗುವುದು ಸಹಜ. ತೈತ್ತಿರೀಯ ಬ್ರಾಹ್ಮಣ ಇದಕ್ಕೊಂದು ಕಥೆ ಹೇಳುತ್ತದೆ. ದೇವತೆಗಳಿಂದ ತಪ್ಪಿಸಿಕೊಂಡ ಅಗ್ನಿ ಕುದುರೆಯ ರೂಪ ತಾಳಿ ಒಂದು ಸಂವತ್ಸರ ಈ ಮರದಲ್ಲಿ ನಿಂತ, ಹೆಸರು ಬಂದದ್ದು ಹಾಗೆ. ಯಜ್ಞದ ಬೆಂಕಿ ಕಡೆಯುವ ಅರಣಿಗೆ ಬನ್ನಿಯ ಮೇಲೆ ಹುಟ್ಟಿದ ಅರಳಿ, ಅಂದರೆ ‘ಶಮೀಗರ್ಭ’ ಅಶ್ವತ್ಥವೇ ಬೇಕೆಂಬ ವಿಧಿಯನ್ನು ಜೊತೆಗಿಟ್ಟು ನೋಡಿದರೆ, ಕಥೆ ಬರಿಯ ಕಲ್ಪನೆಯಾಗಿ ಉಳಿಯುವುದಿಲ್ಲ.

ಕಠೋಪನಿಷತ್ತು ಬೇರು ಮೇಲೆ, ಕೊಂಬೆ ಕೆಳಗೆ ಇರುವ ಸನಾತನ ಅಶ್ವತ್ಥವನ್ನು ಮುಂದಿಡುತ್ತದೆ. ಭಗವದ್ಗೀತೆಯ 15ನೇ ಅಧ್ಯಾಯ ಅದೇ ಮರದ ಎಲೆಗಳನ್ನು ವೇದಗಳೆಂದು ಹೇಳಿ, ಅದನ್ನು ಅಸಂಗವೆಂಬ ಶಸ್ತ್ರದಿಂದ ಕಡಿಯಬೇಕೆನ್ನುತ್ತದೆ. ಇಲ್ಲಿ ಕುದುರೆಯಿಂದ ಕೆಲಸವಾಗದು. ಶಂಕರಾಚಾರ್ಯರು ‘ಶ್ವಃ’ ಎಂದರೆ ನಾಳೆ ಎಂಬ ಅರ್ಥವನ್ನು ಹಿಡಿದರು: ನಾಳೆಯ ತನಕವೂ ನಿಲ್ಲದ್ದು ಅಶ್ವತ್ಥ, ಕ್ಷಣಕ್ಷಣಕ್ಕೂ ನಾಶವಾಗುವ ಮಾಯಾಮಯ ಸಂಸಾರ. ಕಠದ ಭಾಷ್ಯದಲ್ಲಿ ಅವರ ಗಮನ ಎಲೆಯ ಅಲುಗಾಟದ ಮೇಲಿದೆ. ಕಾಮ, ಕರ್ಮಗಳ ಗಾಳಿಗೆ ಸಂಸಾರವೂ ಸದಾ ಅಲುಗುತ್ತದೆ. ಅರಳಿ ಎಲೆಯ ತೊಟ್ಟು ಉದ್ದ, ತೆಳು. ಅಗಲವಾದ ಎಲೆಯ ತುದಿ ಬಾಲದಂತೆ ಚಾಚಿಕೊಂಡಿರುತ್ತದೆ. ಬೇವು ಸುಮ್ಮನಿರುವ ಹೊತ್ತಿನಲ್ಲೂ ಅರಳಿ ಸದ್ದು ಮಾಡುವುದು ಅದಕ್ಕೇ.

ತೊಡಕು ಇರುವುದು ಇಲ್ಲಿ. ನಾಳೆಗೆ ಉಳಿಯದ ಈ ಮರವನ್ನು ಗೀತೆ ಅದೇ ಉಸಿರಿನಲ್ಲಿ ‘ಅವ್ಯಯ’ ಎಂದೂ ಕರೆಯುತ್ತದೆ. ಸಂಸಾರ ಅನಾದಿಯಿಂದ ಹರಿದುಬಂದದ್ದರಿಂದ ಅವ್ಯಯ ಎಂಬುದು ಶಂಕರರ ಸಮಾಧಾನ. ಮಧ್ವಾಚಾರ್ಯರ ಗೀತಾಭಾಷ್ಯ ನಿರ್ವಚನಕ್ಕೇ ಒಂದು ಮಾತು ಸೇರಿಸಿತು: ನಾಳೆ ‘ಒಂದೇ ಬಗೆಯಾಗಿ’ ನಿಲ್ಲದ್ದು ಅಶ್ವತ್ಥ. ರೂಪ ಬದಲಾದರೂ ಪ್ರವಾಹಕ್ಕೆ ನಾಶವಿಲ್ಲ. ಜಗತ್ತು ಸತ್ಯವೆನ್ನುವ ದ್ವೈತದ ನಿಲುವು ಈ ಸಣ್ಣ ಸೇರ್ಪಡೆಯಲ್ಲಿ ಪೂರ್ತಿಯಾಗಿ ಅಡಗಿದೆ. ಈ ಭಾಷ್ಯಕ್ಕೆ ‘ಪ್ರಮೇಯದೀಪಿಕಾ’ ಎಂಬ ಟೀಕೆ ಬರೆದವರು 14ನೇ ಶತಮಾನದ ಜಯತೀರ್ಥರು. ಟೀಕಾಚಾರ್ಯರೆಂದು ಅವರನ್ನು ಪೂಜಿಸುವ ಮಠ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿದೆ.

ಶಬ್ದದ ಚರಿತ್ರೆಯಾಗಿ ನೋಡಿದರೆ ಕುದುರೆಯ ವಿವರಣೆಯೇ ಗಟ್ಟಿ, ನಾಳೆಯದು ದುರ್ಬಲ. ಹಾಗೆಂದು ಅದನ್ನು ತಳ್ಳಿಹಾಕುವುದು ಅನ್ಯಾಯ. ಯಾಸ್ಕನ ನಿರುಕ್ತದಿಂದ ಬಂದ ಪದ್ಧತಿಯಲ್ಲಿ ನಿರ್ವಚನವೆಂದರೆ ಹೆಸರಿನ ಮೂಲಕ ವಸ್ತುವಿನ ಸ್ವಭಾವವನ್ನು ಅರಸುವುದು. ಒಂದೇ ಶಬ್ದಕ್ಕೆ ಎರಡು ಮೂರು ನಿರ್ವಚನ ಕೊಡಲು ಯಾಸ್ಕ ಹಿಂಜರಿಯಲಿಲ್ಲ. ಆಚಾರ್ಯರಿಬ್ಬರೂ ಅದೇ ದಾರಿಯಲ್ಲಿ ನಡೆದು, ಒಂದೇ ಹೆಸರಿನಿಂದ ಎರಡು ದರ್ಶನಗಳನ್ನು ತೆಗೆದರು.

ಬೌದ್ಧರು ಇಟ್ಟ ಹೆಸರು ಇನ್ನೊಂದು ಬಗೆಯದು. ‘ಬೋಧಿ’ ಎಂದರೆ ಎಚ್ಚರ, ಅರಿವು. ಅದು ಜಾತಿಯ ಹೆಸರಲ್ಲ, ಮರಕ್ಕೆ ದೊರೆತ ಸ್ಥಾನದ ಹೆಸರು. ದೀಘನಿಕಾಯದ ಮಹಾಪದಾನ ಸುತ್ತದ ಪ್ರಕಾರ ಗೌತಮನಿಗೂ ಹಿಂದಿನ ಬುದ್ಧರಲ್ಲಿ ಕಸ್ಸಪನ ಬೋಧಿ ಆಲ, ಕೋಣಾಗಮನನದು ಅತ್ತಿ. ಗೌತಮನದು ಮಾತ್ರ ಅಶ್ವತ್ಥ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನ ಬೆಳಕಿಗೆ ತಂದ ಮಹಾಸ್ತೂಪದ ಸುಣ್ಣಕಲ್ಲಿನ ಫಲಕಗಳಲ್ಲಿ ಬೋಧಿವೃಕ್ಷದ ಪೂಜೆಯನ್ನು ಕಡೆದಿದ್ದಾರೆ. ಅಶೋಕನ ಹೆಸರು ಕೊರೆದ ಶಿಲ್ಪ ದೊರೆತದ್ದೂ ಅಲ್ಲಿಯೇ. ಬುದ್ಧನ ಮೂರ್ತಿ ಇನ್ನೂ ರೂಢಿಯಾಗದ ಕಾಲದ ಶಿಲ್ಪದಲ್ಲಿ ಮರ ಮತ್ತು ಅದರ ಬುಡದ ಬರಿದಾದ ಪೀಠವೇ ಅವನ ಗುರುತು. ಗೌತಮನೊಡನೆ ಬೆಸೆದುಕೊಂಡ ಮೇಲೆ ಬೋಧಿಯೆಂದರೆ ಅರಳಿಯೇ ಎಂದಾಯಿತು. ಸಿಂಹಳದಲ್ಲಿ ಆ ಮರದ ಹೆಸರು ‘ಬೋ’. 1753ರಲ್ಲಿ ಲಿನ್ನೇಯಸ್ ಅದಕ್ಕಿಟ್ಟ ಫೈಕಸ್ ರಿಲಿಜಿಯೋಸಾ ಎಂಬ ಲ್ಯಾಟಿನ್ ಹೆಸರಿನ ಎರಡನೇ ಪದವೂ ಧರ್ಮಕ್ಕೆ ಸಂಬಂಧಿಸಿದ್ದೇ.