ಗಲ್ಲಾ ಮತ್ತು ಬ್ಯಾಂಕು: ತಾಳೆಯ ಮೀಮಾಂಸೆ

ಎತ್ತಿಕೊಂಡ ವಿಷಯ ಇದು. ಬೆಂಗಳೂರಿನ ಒಂದು ದರ್ಶಿನಿಯಲ್ಲಿ ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಬಿಲ್ಲಿಂಗ್ ಮೆಷಿನ್ ಒಂದು ಮೊತ್ತ ಹೇಳುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟ್ ಇನ್ನೊಂದು ಹೇಳುತ್ತದೆ. ಎರಡೂ ಸುಳ್ಳಲ್ಲ. ಹಾಗಿದ್ದರೆ ಇವುಗಳ ತಾಳೆ ಎಂದರೇನು?

ಸಂಶಯ ಹುಟ್ಟುವುದು ಇಲ್ಲಿ. ಎರಡು ಮೊತ್ತಗಳನ್ನು ಸಮ ಮಾಡುವುದು ತಾಳೆಯೋ, ಅವು ಏಕೆ ಸಮವಿಲ್ಲ ಎಂಬುದಕ್ಕೆ ಕಾರಣ ಹೇಳುವುದು ತಾಳೆಯೋ? ಮೊದಲನೆಯದೇ ಎಂದು ಹೋಟೆಲಿನ ಹೆಚ್ಚಿನ ಲೆಕ್ಕಗಾರರು ನಡೆದುಕೊಳ್ಳುತ್ತಾರೆ. ತಿಂಗಳ ಕೊನೆಗೆ ಕಿರ್ದಿಯಲ್ಲಿ ಒಂದು ‘ಹೊಂದಾಣಿಕೆ’ ನಮೂದು ಬರೆದು ಶಿಲ್ಕನ್ನು ಬ್ಯಾಂಕಿನ ಅಂಕಿಗೆ ತಂದು ನಿಲ್ಲಿಸುತ್ತಾರೆ. ಅದು ತಾಳೆಯಲ್ಲ, ವ್ಯತ್ಯಾಸವನ್ನು ಹೂಳುವುದು. ಎರಡನೆಯದೇ ತಾಳೆ ಎಂಬುದು ನನ್ನ ಪಕ್ಷ.

ಒಂದು ಶನಿವಾರವನ್ನು ಕಲ್ಪಿಸಿಕೊಳ್ಳೋಣ. ಒಟ್ಟು ಬಿಲ್ಲು 48,600 ರೂಪಾಯಿ. ನಗದು 14,200, ಯುಪಿಐ 21,400, ಕಾರ್ಡು 3,000, ಡೆಲಿವರಿ ಆ್ಯಪ್ ಮೂಲಕ 10,000. ನಗದಿನಲ್ಲಿ ತರಕಾರಿ, ಹಾಲು, ಬಾಳೆಎಲೆಗೆಂದು ಗಲ್ಲಾದಿಂದಲೇ 4,500 ಹೋಯಿತು. ಬ್ಯಾಂಕಿಗೆ ಕಟ್ಟಿದ್ದು 9,700, ಅದೂ ಸೋಮವಾರ. ಇಲ್ಲಿ ‘ಮಾರಾಟ 9,700’ ಎಂದು ಬರೆದವನು ಮಾರಾಟವನ್ನೂ ಮುಚ್ಚಿದ, ಖರ್ಚನ್ನೂ ಮುಚ್ಚಿದ. ಮೂರು ನಮೂದು ಬೇಕು: ಮಾರಾಟ 14,200, ಖರ್ಚು 4,500, ಜಮೆ 9,700. ಕಾರ್ಡಿನದು ಸರಳ. ಶುಲ್ಕ ಶೇ. 1 ಎಂದಿಟ್ಟುಕೊಂಡರೆ 30 ರೂಪಾಯಿ; ಕೈಗೆ 2,970.

ಡೆಲಿವರಿ ಆ್ಯಪ್ ವಿಚಾರದಲ್ಲಿ ನಿಂತು ನೋಡಬೇಕು, ಏಕೆಂದರೆ ಹೋಟೆಲಿನವರು ಹೆಚ್ಚು ಎಡವುವುದು ಇಲ್ಲಿಯೇ. 2022ರ ಜನವರಿ 1ರಿಂದ ಆ್ಯಪ್ ಮೂಲಕ ಹೋದ ಊಟದ ಶೇ. 5 ಜಿಎಸ್‌ಟಿಯನ್ನು ಗಿರಾಕಿಯಿಂದ ಪಡೆದು ಸರ್ಕಾರಕ್ಕೆ ಕಟ್ಟುವುದು ಆ್ಯಪ್ ಕಂಪನಿಯ ಹೊಣೆ. ಆದ್ದರಿಂದ ಗಿರಾಕಿ ಕೊಟ್ಟ 10,500ರಲ್ಲಿ 500 ನಮ್ಮ ಕಡೆ ಬರುವುದೇ ಇಲ್ಲ. ಉಳಿದ 10,000ದಲ್ಲಿ ಕಮಿಷನ್ ಶೇ. 22 ಎಂದು ಹಿಡಿದರೆ 2,200, ಅದರ ಮೇಲಿನ ಶೇ. 18ರ ಜಿಎಸ್‌ಟಿ 396. ಹೂಡುವಳಿ ತೆರಿಗೆಯ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಇಲ್ಲದೆ ಶೇ. 5ರ ದರದಲ್ಲಿ ನಡೆಯುವ ಹೋಟೆಲಿಗೆ ಈ 396 ಮರಳಿ ಸಿಗುವುದಿಲ್ಲ. ಅದು ಪೂರ್ತಿ ಖರ್ಚು. ಜೊತೆಗೆ ಆದಾಯ ತೆರಿಗೆಯ ಟಿಡಿಎಸ್ 10 ರೂಪಾಯಿ. 2020ರ ಅಕ್ಟೋಬರ್‌ನಲ್ಲಿ ಶುರುವಾದ, ಶೇ. 1ರಷ್ಟಿದ್ದ ಈ ಕಡಿತ 2024ರ ಅಕ್ಟೋಬರ್ 1ರಿಂದ ಶೇ. 0.1ಕ್ಕೆ ಇಳಿದಿದೆ. ಇದು ಖರ್ಚಲ್ಲ, ರಿಟರ್ನ್ ಹಾಕುವಾಗ ಕೇಳಿ ಪಡೆಯಬೇಕಾದ ನಮ್ಮದೇ ಹಣ. ಕೊನೆಗೆ ಖಾತೆಗೆ ಬಿದ್ದದ್ದು 7,394, ಅದೂ ದಿನಗಳು ಕಳೆದ ಮೇಲೆ, ಬೇರೆ ದಿನಗಳ ಹಣದೊಂದಿಗೆ ಒಂದೇ ಗಂಟಾಗಿ. ಬಂದ ಗಂಟನ್ನೇ ಮಾರಾಟ ಎಂದು ಬರೆದರೆ 2,606 ರೂಪಾಯಿ ವಹಿವಾಟು ಪುಸ್ತಕದಿಂದ ಮಾಯ. ಆದರೆ ಆ್ಯಪ್ ಸರ್ಕಾರಕ್ಕೆ ಕೊಡುವ ವರದಿಯಲ್ಲಿ 10,000 ಹಾಗೆಯೇ ಇರುತ್ತದೆ.

ಇದಕ್ಕೆ ದಾರಿ, ಪ್ರತಿ ಮಾರ್ಗಕ್ಕೂ ಒಂದು ನಡುಖಾತೆ: ಯುಪಿಐ ಬರಬೇಕಾದ್ದು, ಕಾರ್ಡು ಬರಬೇಕಾದ್ದು, ಆ್ಯಪ್ ಬರಬೇಕಾದ್ದು. ಮಾರಿದ ದಿನ ಪೂರ್ತಿ ಮೊತ್ತ ಅಲ್ಲಿಗೆ ಏರುತ್ತದೆ. ಹಣ ಬಂದಾಗ ಜಮೆ, ಕಮಿಷನ್, ಟಿಡಿಎಸ್ ಎಂದು ಒಡೆದು ಇಳಿಯುತ್ತದೆ. ಯಾವ ರಾತ್ರಿ ನೋಡಿದರೂ ಅಲ್ಲಿ ಉಳಿದಿರುವುದು ಇನ್ನೂ ದಾರಿಯಲ್ಲಿರುವ ಹಣ ಮಾತ್ರ ಆಗಿರಬೇಕು. ಹಳೆಯ ತಾರೀಖಿನ ರೂಪಾಯಿ ಅಲ್ಲಿ ಕೂತಿದ್ದರೆ ಅದೇ ಪ್ರಶ್ನೆ.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ: ‘ಇದನ್ನೆಲ್ಲ ಸಾಫ್ಟ್‌ವೇರೇ ಹೊಂದಿಸುತ್ತದಲ್ಲ?’ ಹೊಂದಿಸುತ್ತದೆ, ಆದರೆ ಬಹುಪಾಲು ಮೊತ್ತ ನೋಡಿ. ಇಡ್ಲಿ ವಡೆಗೆ ಒಂದೇ ದರ. ಬೆಳಗ್ಗೆ ಒಂದೇ ತಾಸಿನಲ್ಲಿ ಅದೇ ಮೊತ್ತ ನೂರು ಸಲ ಬರುತ್ತದೆ. ನಿಮ್ಮ ಎಪ್ಪತ್ತು ರೂಪಾಯಿ ಯಾವುದು, ಪಕ್ಕದವನದು ಯಾವುದು ಎಂದು ಮೊತ್ತ ಹೇಳಲಾರದು. ವಹಿವಾಟಿನ ಸಂಖ್ಯೆಯೇ ಹೇಳಬೇಕು. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿ ಶುಲ್ಕ ಇಲ್ಲ. ಹೀಗಿದ್ದೂ ಜಮೆ ಕಡಿಮೆ ಬಂದರೆ ಸೌಂಡ್‌ಬಾಕ್ಸಿನ ಬಾಡಿಗೆಯೋ, ಕ್ರೆಡಿಟ್ ಕಾರ್ಡಿನ ಮೂಲಕ ಬಂದ ಪಾವತಿಯೋ ಎಂದು ಮನುಷ್ಯನೇ ಕೇಳಬೇಕು.

‘ವರ್ಷದ ಕೊನೆಗೆ ಆಡಿಟರ್ ನೋಡುತ್ತಾರೆ’ ಎಂಬುದು ಮುಂದಿನ ಆಕ್ಷೇಪ. ಅಷ್ಟು ಹೊತ್ತಿಗೆ ಸಿಸಿಟಿವಿ ಅಳಿದಿರುತ್ತದೆ, ಆ್ಯಪಿಗೆ ತಕರಾರು ಹೇಳುವ ಅವಧಿ ಮುಗಿದಿರುತ್ತದೆ, ಆ ಶನಿವಾರ ಗಲ್ಲಾದಲ್ಲಿದ್ದ ಹುಡುಗ ಊರಿಗೆ ಹೋಗಿರುತ್ತಾನೆ. ಆಡಿಟರ್ ಕಾಗದವನ್ನು ಪರೀಕ್ಷಿಸಬಲ್ಲರು, ನೆನಪನ್ನು ಹುಟ್ಟಿಸಲಾರರು.

‘ಐದು ರೂಪಾಯಿಗೆ ಇಷ್ಟು ಶ್ರಮವೇ?’ ಈ ಮಾತನ್ನು ಅರ್ಧ ಒಪ್ಪುತ್ತೇನೆ. ಒಂದು ಮಿತಿ ಇಟ್ಟು, ಅದರೊಳಗಿನದನ್ನು ‘ಚಿಲ್ಲರೆ ವ್ಯತ್ಯಾಸ’ ಎಂಬ ಖಾತೆಗೆ ಹಾಕಬಹುದು. ಒಪ್ಪದ ಅರ್ಧ ಇದು: ನಿವ್ವಳ ವ್ಯತ್ಯಾಸ ಐದು ರೂಪಾಯಿ ಎಂದು ಕಂಡಾಗ ಅದರ ಹಿಂದೆ 1,505 ಕೊರತೆಯೂ 1,500 ಹೆಚ್ಚಳವೂ ಇರಬಹುದು. ಒಂದು ಎರಡು ಸಲ ಬರೆದ ಬಿಲ್ಲು, ಒಂದು ಪುಸ್ತಕದಲ್ಲಿ ಬರೆದೂ ಬ್ಯಾಂಕಿನಿಂದ ಇನ್ನೂ ಹೋಗದ ರೀಫಂಡು. ಬಿಡಿಬಿಡಿಯಾಗಿ ನೋಡದವನಿಗೆ ಐದೇ ಕಾಣುತ್ತದೆ.

ಕರ್ನಾಟಕದಲ್ಲಿ ಬಲವಾಗಿ ಕೇಳಿಬಂದ ಆಕ್ಷೇಪ ಇನ್ನೊಂದಿದೆ: ‘ಲೆಕ್ಕ ಸ್ಪಷ್ಟವಾದಷ್ಟೂ ತೆರಿಗೆಯವರ ಕೈಗೆ ಸಿಕ್ಕಿಬೀಳುತ್ತೇವೆ.’ 2025ರ ಜುಲೈನಲ್ಲಿ ಯುಪಿಐ ಜಮೆಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಹೋದಾಗ, ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಬೋರ್ಡುಗಳು ಎದ್ದವು. ಆ ಭಯ ನಿಜವಾದದ್ದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ನೋಟಿಸಿಗೆ ಆಧಾರವಾದ ಜಮೆಯ ಮೊತ್ತ ಬ್ಯಾಂಕಿನಲ್ಲಿ ಮೊದಲೇ ಇತ್ತು. ವ್ಯಾಪಾರಿಯ ಕೈಯಲ್ಲಿ ಇಲ್ಲದ್ದು ಅದರ ವಿಂಗಡಣೆ. ಅದೇ ಕ್ಯೂಆರ್‌ಗೆ ತಮ್ಮ ಕಳಿಸಿದ ಕೈಗಡವೂ ಬಂದಿರುತ್ತದೆ, ಚೀಟಿಯ ಹಣವೂ ಬಂದಿರುತ್ತದೆ. ಬಂದ ದಿನವೇ ಹೆಸರಿಟ್ಟು ಬೇರೆ ಮಾಡಿದವನು ‘ಇದು ಮಾರಾಟವಲ್ಲ’ ಎಂದು ಕಾಗದ ಮುಂದಿಡಬಲ್ಲ. ಹೋಟೆಲ್ ಸೇವೆಯಾದ್ದರಿಂದ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ಆ ಗೆರೆಯ ಆಚೆಯೋ ಈಚೆಯೋ ಎಂಬುದು ಇಂಥ ವಿಂಗಡಣೆಯ ಮೇಲೇ ನಿಂತೀತು.

ಇನ್ನು ಕೊನೆಯ ಆಕ್ಷೇಪ: ‘ನಮ್ಮ ಹುಡುಗರ ಮೇಲೆ ನಂಬಿಕೆ ಇದೆ, ತಾಳೆ ಹಾಕಿದರೆ ಅನುಮಾನಪಟ್ಟಂತೆ.’ ನನಗೆ ಹೆಚ್ಚು ನೋವು ಕೊಡುವುದು ಇದೇ ಮಾತು. ತಾಳೆ ಹಾಕದ ಹೋಟೆಲಿನಲ್ಲಿಯೇ ಕೊರತೆ ಕ್ಯಾಷಿಯರ್ ತಲೆಗೆ ಬರುವುದು. ರಾತ್ರಿ ಹನ್ನೊಂದರ ಯುಪಿಐ ಪಾವತಿ ಮರುದಿನದ ಜಮೆಗೆ ಸೇರಿದೆ ಎಂದು ಯಾರೂ ನೋಡುವುದಿಲ್ಲ, ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಆದ್ದರಿಂದ ಗಲ್ಲಾದಲ್ಲಿ ಕೂತವನೇ ತಾಳೆ ಹಾಕಬಾರದು. ಆದರೆ ತಾಳೆಯಾದ ಹಾಳೆಯನ್ನು ಅವನಿಗೆ ತೋರಿಸಿ ಸಹಿ ಪಡೆಯಬೇಕು. ಮಾಲೀಕನೇ ಗಲ್ಲಾದಲ್ಲಿ ಕೂರುವ ಸಣ್ಣ ಹೋಟೆಲಾದರೆ ವಾರಕ್ಕೊಮ್ಮೆ ಮನೆಯ ಇನ್ನೊಬ್ಬರು ನೋಡಲಿ. ಕಾರಣ ಸಿಗದ ಮೊತ್ತ ತಾರೀಖಿನೊಂದಿಗೆ ‘ಪತ್ತೆಯಾಗಬೇಕಾದ್ದು’ ಎಂಬ ಸಾಲಿನಲ್ಲಿ ಉಳಿಯಲಿ. ಅದು ಅಲ್ಲಿರುವವರೆಗೆ ಯಾರ ಸಂಬಳವನ್ನೂ ಮುಟ್ಟುವಂತಿಲ್ಲ.